ಮಗಳು ಅಮೆರಿಕದಲ್ಲಿ ಎಲೆಕ್ಷನ್‌ಗೆ ನಿಂತಿದ್ದಾಳೆ, ನಾವೇನು ಮಾಡಬಹುದು?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ನಾನು ಒಂದು ಅವಧಿ ಗ್ರಾಮ ಪಂಚಾಯ್ತಿ ಸದಸ್ಯನಾಗಿದ್ದೆ. ಮಹಿಳಾ ಮೀಸಲಾತಿ ಬಂದಾಗ ನಮ್ಮ ಮನೆಯವರೂ ಒಂದು ಅವಧಿ ಇದ್ದರು. ಮಗಳು ಮೈಸೂರಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವಳು. ಈಗ ನ್ಯೂಜೆರ್ಸಿಯಲ್ಲಿದ್ದಾಳೆ, ಅಲ್ಲಿಯ ಪೌರತ್ವವೂ ಸಿಕ್ಕಿದೆ. ಬರೋ ನವೆಂಬರ್‌ನಲ್ಲಿ ಅಲ್ಲಿನ ಸ್ಕೂಲ್ ಬೋರ್ಡ್ ಚುನಾವಣೆಗೆ ನಿಲ್ತೀನಿ ಅಂತಾಳೆ. ನಮ್ಮೂರಲ್ಲೇ ಗೆಲ್ಲೋದು ಕಷ್ಟ, ಅಲ್ಲಿ ನಮ್ಮವರು ಹೇಗೆ ಗೆಲ್ತಾರೆ? ಇಲ್ಲಿಂದ ಸ್ವಲ್ಪ ದುಡ್ಡು ಕಳಿಸಬಹುದಾ? ಮುಂದೆ ಅವಳಿಗೆ ಬರಬೇಕಾದ ಜಮೀನಿಗೆ ತೊಂದರೆ ಆಗುತ್ತಾ? ಊರಿನ ಶಾಲೆಗೆ ಏನಾದರೂ ಮಾಡಬೇಕು ಅಂತಲೂ ಅವಳಿಗೆ ಆಸೆ ಇದೆ.

ಉತ್ತರ:

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನೀವು ಬ್ಯಾಂಕಿಗೆ ಹೋಗುವ ಮುಂಚೆ ಇದನ್ನು ಓದಬೇಕು. ಕಳಿಸಬೇಡಿ. ಒಂದು ಡಾಲರ್ ಕೂಡ ಬೇಡ.

ಅಮೆರಿಕದ ಕಾನೂನಿನಲ್ಲಿ ವಿದೇಶಿಯರು ಅಲ್ಲಿನ ಯಾವ ಚುನಾವಣೆಗೂ ದುಡ್ಡು ಕೊಡುವ ಹಾಗಿಲ್ಲ. ಅಧ್ಯಕ್ಷರ ಚುನಾವಣೆಗೆ ಮಾತ್ರ ಅಲ್ಲ, ಸ್ಕೂಲ್ ಬೋರ್ಡಿಗೂ ಅದೇ ನಿಯಮ. ಹೆತ್ತ ಅಪ್ಪ ಅಂದರೂ ರಿಯಾಯಿತಿ ಇಲ್ಲ. ಅಲ್ಲಿರುವ ಅಳಿಯನ ತಮ್ಮನ ಹೆಸರಲ್ಲಿ ಕೊಡಿಸೋಣ ಅಂತ ಯಾರಾದರೂ ಉಪಾಯ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬೇರೆಯವರ ಹೆಸರಿನ ಮರೆಯಲ್ಲಿ ಕೊಡೋದು ಇನ್ನೂ ದೊಡ್ಡ ತಪ್ಪು. ಚುನಾವಣೆ ಮುಗಿಯುವ ತನಕ ಅವಳ ಖಾತೆಗೆ ದೊಡ್ಡ ಮೊತ್ತ ಹಾಕದೆ ಇರುವುದೇ ಕ್ಷೇಮ. ಅವಳು ಲೆಕ್ಕ ಕೊಡಬೇಕು, ಆ ಲೆಕ್ಕವನ್ನು ಎದುರಾಳಿಗಳು ಓದುತ್ತಾರೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಆ ಸಮಯಕ್ಕೆ ನೀವಿಬ್ಬರೂ ಅಲ್ಲಿಗೆ ಹೋದರೆ ಸಂಬಳ ಇಲ್ಲದೆ ಕೈಜೋಡಿಸಬಹುದು. ಕರಪತ್ರ ಮಡಚಿ, ಮೊಮ್ಮಕ್ಕಳನ್ನು ನೋಡಿಕೊಳ್ಳಿ, ಮನೆಗೆ ಬಂದ ಕಾರ್ಯಕರ್ತರಿಗೆ ಕಾಫಿ ಮಾಡಿಕೊಡಿ. ಆದರೆ ಪ್ರಚಾರಕ್ಕೆ ಎಷ್ಟು ಖರ್ಚು ಮಾಡಬೇಕು, ಏನು ಹೇಳಬೇಕು ಅನ್ನುವ ತೀರ್ಮಾನದಲ್ಲಿ ನೀವು ತಲೆ ಹಾಕಬಾರದು. ಪಂಚಾಯ್ತಿ ಎಲೆಕ್ಷನ್ ಗೆದ್ದವರಿಗೆ ಇದು ಸ್ವಲ್ಪ ಕಷ್ಟವೇ ಅಂತ ನನಗೆ ಗೊತ್ತು.

ಇನ್ನು ಮುಖ್ಯ ಪ್ರಶ್ನೆ. ನಮ್ಮವರು ಅಲ್ಲಿ ಹೇಗೆ ಗೆಲ್ಲುತ್ತಾರೆ?

ನಮ್ಮವರ ಓಟಿನಿಂದ ಅಂತ ನೀವು ಅಂದುಕೊಂಡಿರಬಹುದು. ಅಲ್ಲ. ಅಮೆರಿಕದ ಜನಸಂಖ್ಯೆಯಲ್ಲಿ ಭಾರತ ಮೂಲದವರು ನೂರಕ್ಕೆ ಇಬ್ಬರೂ ಇಲ್ಲ. ನ್ಯೂಜೆರ್ಸಿಯ ಎಡಿಸನ್ ಥರ ಬೀದಿಗೊಂದು ಇಡ್ಲಿ ಹೋಟೆಲ್ ಇರುವ ಊರುಗಳು ಕೆಲವೇ. ಸಿನ್ಸಿನಾಟಿ ನಗರದಲ್ಲಿ ನಮ್ಮವರು ತೀರಾ ಕಡಿಮೆ. ಆದರೂ ಪಂಜಾಬಿ ಅಪ್ಪ, ಟಿಬೆಟನ್ ಅಮ್ಮನ ಮಗ ಅಫ್ತಾಬ್ ಪುರೇವಾಲ್ 2021ರಲ್ಲಿ ಅಲ್ಲಿ ಮೇಯರ್ ಆಗಿ ಗೆದ್ದರು. ಅದಕ್ಕೂ ಮುಂಚೆ 2016ರಲ್ಲಿ ಅವರು ಗೆದ್ದಿದ್ದು ಯಾವ ಹುದ್ದೆ ಗೊತ್ತೇ? ಜಿಲ್ಲೆಯ ನ್ಯಾಯಾಲಯದ ಕಡತ, ಶುಲ್ಕ ನೋಡಿಕೊಳ್ಳುವ ಅಧಿಕಾರಿಯ ಹುದ್ದೆ. ಅಲ್ಲಿ ಅದಕ್ಕೂ ಚುನಾವಣೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರಿಂದ ಅಮೆರಿಕದ ಸಂಸತ್ತಿನಲ್ಲಿದ್ದಾರೆ. ಅವರ ಕ್ಷೇತ್ರದಲ್ಲಿ ಡೆಟ್ರಾಯಿಟ್‌ನ ದೊಡ್ಡ ಭಾಗ ಬರುತ್ತದೆ. ಡೆಟ್ರಾಯಿಟ್ ಕಪ್ಪು ಜನಾಂಗದವರೇ ಹೆಚ್ಚಿರುವ ನಗರ. 2018ರಲ್ಲಿ ಅವರು ಒಂದೇ ಸಲಕ್ಕೆ ರಾಜ್ಯದ ಗವರ್ನರ್ (ಅಲ್ಲಿ ಅದು ಚುನಾಯಿತ ಹುದ್ದೆ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಆಗಲು ಹೊರಟು, ಕೈಯಿಂದ ಧಾರಾಳವಾಗಿ ಖರ್ಚು ಮಾಡಿ, ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಸುತ್ತಿನಲ್ಲೇ ಸೋತಿದ್ದರು. ಆಮೇಲೆ ರಾಜ್ಯದ ವಿಧಾನಸಭೆಗೆ ನಿಂತು ಗೆದ್ದು, ಅಲ್ಲಿಂದ ಮೇಲಕ್ಕೆ ಹೋದರು. ದುಡ್ಡಿಗೆ ಶಕ್ತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅವರ ಹತ್ತಿರ ಸ್ವಂತ ದುಡ್ಡು ಸಾಕಷ್ಟಿತ್ತು. ಆದರೂ ಮೊದಲ ಸಲ ಅದೊಂದೇ ಸಾಕಾಗಲಿಲ್ಲ.

ಗೆದ್ದವರ ಪಟ್ಟಿ ತೆಗೆದು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಬಹಳಷ್ಟು ಜನ ಯಾರೂ ಕಣ್ಣೆತ್ತಿ ನೋಡದ ಸಣ್ಣ ಜಾಗದಲ್ಲಿ ಶುರು ಮಾಡಿದ್ದಾರೆ, ಮತ್ತು ತಮ್ಮವರಲ್ಲದ ಜನಕ್ಕೆ ಮೊದಲೇ ಪರಿಚಯ ಆಗಿದ್ದಾರೆ. ಇದಕ್ಕೆ ನನಗೆ ತುಂಬಾ ಇಷ್ಟದ ಉದಾಹರಣೆ ದಲೀಪ್ ಸಿಂಗ್ ಸೌಂದ್. ರೈತರಾದ ನಿಮಗೂ ಹಿಡಿಸಬಹುದು.

ಪಂಜಾಬಿನ ಹಳ್ಳಿ ಹುಡುಗ. 1920ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. 1924ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್. ಆದರೆ ಆ ಕಾಲದಲ್ಲಿ ಭಾರತೀಯನಿಗೆ ಗಣಿತದ ಮೇಷ್ಟ್ರ ಕೆಲಸ ಯಾರು ಕೊಡಬೇಕು? ಹಿಂದಿನ ವರ್ಷವಷ್ಟೇ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತ್ತು. ಸೌಂದ್ ಇಂಪೀರಿಯಲ್ ಕಣಿವೆಗೆ ಹೋಗಿ ಬೇಸಾಯಕ್ಕೆ ಇಳಿದರು. ಲೆಟ್ಯೂಸ್ ಸೊಪ್ಪು ಬೆಳೆದರು, ಆಮೇಲೆ ಗೊಬ್ಬರದ ವ್ಯಾಪಾರವನ್ನೂ ಮಾಡಿದರು. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ತಮ್ಮ ಹೆಸರಲ್ಲಿ ಜಮೀನು ಮಾಡಿಕೊಳ್ಳಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ.

ಆ ಅಡ್ಡಿ ತೆಗೆಸಲು ಅಲ್ಲಿನ ಭಾರತೀಯರು ಸಂಘ ಕಟ್ಟಿ ವರ್ಷಗಟ್ಟಲೆ ಓಡಾಡಿದರು. ಸೌಂದ್ ಅದರಲ್ಲಿ ಮುಂಚೂಣಿಯಲ್ಲಿದ್ದರು. 1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂತು. ವರ್ಷಕ್ಕೆ ಬರೀ 100 ಭಾರತೀಯರಿಗೆ ವಲಸೆ ಬರಲು ಅವಕಾಶ, ಆದರೆ ಅಲ್ಲೇ ಇದ್ದವರಿಗೆ ಪೌರತ್ವದ ಬಾಗಿಲು ತೆರೆಯಿತು. 1949ರಲ್ಲಿ ಸೌಂದ್ ಅಮೆರಿಕದ ಪ್ರಜೆಯಾದರು. ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಅನ್ನುವ ಪುಟ್ಟ ಊರಿನ ಸ್ಥಳೀಯ ನ್ಯಾಯಾಧೀಶರ ಹುದ್ದೆಗೆ ನಿಂತು ಗೆದ್ದರು. ಪ್ರಜೆಯಾಗಿ ಒಂದು ವರ್ಷ ತುಂಬಿಲ್ಲ ಅಂತ ಹುದ್ದೆ ಕೊಡಲಿಲ್ಲ! ಅವರು ಬಿಡಲಿಲ್ಲ. 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು. ಗೆದ್ದರೆ ನಾವೆಲ್ಲ ಪೇಟ ಸುತ್ತಿಕೊಳ್ಳಬೇಕಾ ಅಂತ ಪ್ರಚಾರದಲ್ಲಿ ಒಬ್ಬ ಛೇಡಿಸಿದನಂತೆ. ತಲೆಯ ಮೇಲೆ ಏನಿದೆ ಅನ್ನೋದಕ್ಕಿಂತ ಒಳಗೆ ಏನಿದೆ ಅನ್ನೋದು ನನಗೆ ಮುಖ್ಯ ಅಂದರಂತೆ ಸೌಂದ್. 1956ರಲ್ಲಿ ಅವರು ಅಮೆರಿಕದ ಸಂಸತ್ತಿಗೆ ಆರಿಸಿ ಬಂದರು. ಏಷ್ಯಾ ಮೂಲದವರಲ್ಲಿ ಅವರೇ ಮೊದಲಿಗರು. ಎದುರಿಗೆ ನಿಂತಿದ್ದವರು ಹೆಸರಾಂತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್. ಆ ಕ್ಷೇತ್ರದಲ್ಲಿ ಭಾರತೀಯರ ಓಟು ಎಷ್ಟಿದ್ದಿರಬಹುದು ನೀವೇ ಲೆಕ್ಕ ಹಾಕಿ. ಓಟು ಕೊಟ್ಟವರು ಅವರ ಜೊತೆ ಬೇಸಾಯ ಮಾಡಿದವರು, ಅವರ ಹತ್ತಿರ ಗೊಬ್ಬರ ಕೊಂಡವರು.

ಇಂಗ್ಲೆಂಡಿನಲ್ಲೂ ಇಂಥದ್ದೇ. ಮುಂದೆ ನಮ್ಮ ರಕ್ಷಣಾ ಸಚಿವರಾದ ಕೃಷ್ಣ ಮೆನನ್ 1934ರಿಂದ 1947ರವರೆಗೆ ಲಂಡನ್ನಿನ ಸೇಂಟ್ ಪಾಂಕ್ರಾಸ್ ಪುರಸಭೆಯ ಕೌನ್ಸಿಲರ್. ಸ್ವಾತಂತ್ರ್ಯಕ್ಕಾಗಿ ಭಾಷಣ ಮಾಡುತ್ತಾ ಓಡಾಡಿದ್ದು ನಿಜ, ಆದರೆ ಆ ಪುರಸಭೆಯ ಜನ ಅವರನ್ನು ನೆನೆಯೋದು ಲೈಬ್ರರಿಗಳಿಗಾಗಿ. ಇತ್ತೀಚಿನವರಲ್ಲಿ ಕಲಬುರಗಿ ಕಡೆಯ ವೈದ್ಯ ಡಾ. ನೀರಜ್ ಪಾಟೀಲ್ ಅವರನ್ನು ಹೇಳಬೇಕು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, 2010-11ರಲ್ಲಿ ಮೇಯರ್ ಆದರು. ಥೇಮ್ಸ್ ನದಿ ದಂಡೆಯಲ್ಲಿ ಬಸವಣ್ಣನವರ ಪುತ್ಥಳಿ ನಿಂತಿದೆಯಲ್ಲ, 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು, ಅದರ ಹಿಂದೆ ಓಡಾಡಿದವರು ಇವರೇ. ಅವರು 2017ರಲ್ಲಿ ಪಾರ್ಲಿಮೆಂಟಿಗೆ ನಿಂತು ಸೋತರು ಅನ್ನುವುದನ್ನೂ ಸೇರಿಸಿ ಹೇಳಬೇಕು.

ಮೇಯರ್ ಅಂದ ಕೂಡಲೇ ಎಲ್ಲಾ ಕಡೆ ಒಂದೇ ಅಧಿಕಾರ ಅಂತ ತಿಳಿಯಬೇಡಿ. ಲ್ಯಾಂಬೆತ್ ಮೇಯರ್ ಒಂದು ವರ್ಷದ ಗೌರವದ ಸ್ಥಾನ, ಹೆಚ್ಚುಕಡಿಮೆ ನಮ್ಮ ಮೈಸೂರು ಮೇಯರ್ ಇದ್ದ ಹಾಗೆ. ಕ್ಯಾಲಿಫೋರ್ನಿಯಾದ ಎಷ್ಟೋ ಊರುಗಳಲ್ಲಿ ಕೌನ್ಸಿಲರ್‌ಗಳು ಸರದಿಯಂತೆ ಮೇಯರ್ ಆಗುತ್ತಾರೆ. ನ್ಯೂಯಾರ್ಕ್ ಕಥೆಯೇ ಬೇರೆ. ಅಲ್ಲಿ ಪೊಲೀಸ್, ಶಾಲೆ, ಬಜೆಟ್ ಎಲ್ಲಾ ಮೇಯರ್ ಕೈಯಲ್ಲಿ. 2025ರ ನವೆಂಬರ್‌ನಲ್ಲಿ ಅಲ್ಲಿ ಗೆದ್ದ ಜೊಹ್ರಾನ್ ಮಮ್ದಾನಿ ಹುಟ್ಟಿದ್ದು ಉಗಾಂಡಾದಲ್ಲಿ, ತಾಯಿ ಸಿನಿಮಾ ನಿರ್ದೇಶಕಿ ಮೀರಾ ನಾಯರ್. ರಾಜಕೀಯಕ್ಕೆ ಬರುವ ಮುಂಚೆ ಅವರು ಸಾಲ ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಹಂತದಲ್ಲಿದ್ದ ಕುಟುಂಬಗಳಿಗೆ ದಾರಿ ತೋರಿಸುವ ಕೆಲಸದಲ್ಲಿದ್ದರು. ಪತ್ರಿಕೆಗಳು ಅವರ ತಾಯಿಯ ಬಗ್ಗೆ ಬರೆದಷ್ಟು ಈ ಕೆಲಸದ ಬಗ್ಗೆ ಬರೆಯಲಿಲ್ಲ.

ನಿಮ್ಮ ಮಗಳು ನಿಲ್ಲುತ್ತಿರುವುದು ಸ್ಕೂಲ್ ಬೋರ್ಡಿಗೆ. ನಮ್ಮ ಶಾಲೆಗಳ ಎಸ್‌ಡಿಎಂಸಿ ಥರ ಇರಬೇಕು ಅಂತ ಅನಿಸಿದರೆ, ಅಲ್ಲ. ಅಮೆರಿಕದಲ್ಲಿ ಸುಮಾರು 13 ಸಾವಿರ ಶಾಲಾ ಜಿಲ್ಲೆಗಳಿವೆ, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕಗಳು. ನ್ಯೂಜೆರ್ಸಿಯಲ್ಲಿ ಜನ ಕಟ್ಟುವ ಆಸ್ತಿ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಗಳಿಗೇ ಹೋಗುತ್ತದೆ. ಆ ದುಡ್ಡಿನ ಬಜೆಟ್ ಒಪ್ಪುವುದು, ಶಾಲೆಗಳ ಮುಖ್ಯಾಧಿಕಾರಿಯನ್ನು ನೇಮಿಸುವುದು ಈ ಬೋರ್ಡು. ಅವಧಿ ಸಾಮಾನ್ಯವಾಗಿ ಮೂರು ವರ್ಷ. ಸಂಬಳ ಇಲ್ಲ. ಪಕ್ಷದ ಚಿಹ್ನೆ ಇಲ್ಲ. ನಿಲ್ಲಬೇಕಾದರೆ ಅಮೆರಿಕದ ಪ್ರಜೆಯಾಗಿರಬೇಕು, ಆ ಶಾಲಾ ಜಿಲ್ಲೆಯಲ್ಲಿ ಒಂದು ವರ್ಷವಾದರೂ ವಾಸ ಇರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸಂಬಳವಿಲ್ಲದ ಈ ಕೆಲಸಕ್ಕೆ ಜನ ಯಾಕೆ ನಿಲ್ಲುತ್ತಾರೆ ಅಂತ ನಿಮ್ಮ ಪಂಚಾಯ್ತಿಯ ಹಳೆಯ ಗೆಳೆಯರು ಕೇಳಬಹುದು. ಮಗುವಿನ ಶಾಲೆ ಕೆಟ್ಟರೆ ಮನೆಯ ಬೆಲೆಯೂ ಬೀಳುತ್ತದೆ ಅನ್ನುವುದು ಅಲ್ಲಿನ ಪ್ರತಿಯೊಬ್ಬರಿಗೂ ಗೊತ್ತು.

ಇಲ್ಲಿ ಒಂದು ಮಾತು. ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿಯಿತು, ಆಮೇಲೆ ಆಡಳಿತಾಧಿಕಾರಿ ಬಂದರು. 1881ರಲ್ಲೇ ಪ್ರಜಾ ಪ್ರತಿನಿಧಿ ಸಭೆ ಕಂಡ ಊರು ನಮ್ಮದು. ಸಾಗರದಾಚೆ ನಮ್ಮ ಹೆಣ್ಣುಮಗಳು ವಾರ್ಡು ಮಟ್ಟದ ಚುನಾವಣೆಗೆ ನಿಂತಳು ಅಂತ ಹೆಮ್ಮೆಪಡುವಾಗ ಇದೂ ಸ್ವಲ್ಪ ಚುಚ್ಚಬೇಕು.

ಸ್ಕೂಲ್ ಬೋರ್ಡಿನಿಂದ ಮೇಲೆ ಹೋದವರಿದ್ದಾರೆ. ನಾಗಪುರದಿಂದ ಹೋದ ಸ್ವಾತಿ ದಾಂಡೇಕರ್ 1996ರಲ್ಲಿ ಅಯೋವಾದ ಲಿನ್-ಮಾರ್ ಶಾಲಾ ಮಂಡಳಿಗೆ ಗೆದ್ದರು. 2002ರಲ್ಲಿ ರಾಜ್ಯದ ವಿಧಾನಸಭೆಗೆ ನಿಂತಾಗ, ಭಾರತದಲ್ಲಿ ಬೆಳೆದವಳಿಗೆ ನಮ್ಮ ಮೌಲ್ಯ ಏನು ಗೊತ್ತು ಅಂತ ಎದುರು ಪಕ್ಷದ ಅಭ್ಯರ್ಥಿ ಬರೆದರು. ಆ ಮಾತು ಬರೆದವರಿಗೇ ತಿರುಗಿತು. ಶಾಲೆಯ ಕೆಲಸದಲ್ಲಿ ಆಕೆಯನ್ನು ಆರು ವರ್ಷ ನೋಡಿದ್ದ ಜನ ಗೆಲ್ಲಿಸಿದರು. ಅಯೋವಾ ಅಂದರೆ ಜೋಳದ ಹೊಲಗಳ ಸೀಮೆ, ಅಲ್ಲಿ ನಮ್ಮವರ ಓಟಿನ ಮಾತೇ ಇಲ್ಲ.

ಬೈಗುಳ ಬರುತ್ತದೆ. ಅದಕ್ಕೆ ನೀವು ಮನಸ್ಸು ಗಟ್ಟಿ ಮಾಡಿಕೊಳ್ಳಿ. 2017ರ ಚುನಾವಣೆಗೆ ಕೆಲವೇ ದಿನ ಮುಂಚೆ ಎಡಿಸನ್‌ನಲ್ಲಿ ಮನೆಮನೆಗೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ಚೀನೀಯರೂ ಭಾರತೀಯರೂ ನಮ್ಮ ಊರನ್ನು ಆಕ್ರಮಿಸುತ್ತಿದ್ದಾರೆ ಅಂತ ಬರೆದು, ಸ್ಕೂಲ್ ಬೋರ್ಡಿಗೆ ನಿಂತಿದ್ದ ಫಾಲ್ಗುಣಿ ಪಟೇಲ್ ಮತ್ತು ಜೆರ್ರಿ ಶಿ ಅವರ ಫೋಟೋ ಹಾಕಿ, ಗಡಿಪಾರು ಮಾಡಿ ಅಂತ ಮುದ್ರಿಸಿದ್ದರು. ಇಬ್ಬರೂ ಗೆದ್ದರು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನ್ಯೂಜೆರ್ಸಿಯದೇ ಆದ ಹೊಬೊಕನ್‌ನಲ್ಲಿ ಮೇಯರ್ ಹುದ್ದೆಗೆ ನಿಂತಿದ್ದ ಸಿಖ್ ವಕೀಲ ರವಿ ಭಲ್ಲಾ ಅವರ ಫೋಟೋ ಇದ್ದ ಕರಪತ್ರದಲ್ಲಿ ಭಯೋತ್ಪಾದನೆ ಎಂಬ ಪದ ಅಚ್ಚಾಗಿತ್ತು. ಅವರೂ ಗೆದ್ದರು. 2009ರಿಂದ ಅಲ್ಲಿ ಕೌನ್ಸಿಲರ್ ಆಗಿದ್ದ ಅವರ ಮುಖ ಊರಿಗೆ ಹೊಸದಾಗಿರಲಿಲ್ಲ.

ಹಾಗಾಗಿ ಮಗಳನ್ನು ಕೆಲವು ಪ್ರಶ್ನೆ ಕೇಳಿ. ಪೇರೆಂಟ್ ಟೀಚರ್ ಸಂಘದಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದಾಳೆ? ಬೋರ್ಡಿನ ಸಭೆಗೆ ಎಷ್ಟು ಸಲ ಹೋಗಿದ್ದಾಳೆ? ಅಲ್ಲಿ ಸಭೆಗಳು ಸಾರ್ವಜನಿಕ, ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದು. ಊರಿನ ಲೈಬ್ರರಿ ಸಮಿತಿ, ಕಟ್ಟಡ ಪರವಾನಗಿಯ ಮಂಡಳಿ, ಬಡವರಿಗೆ ದಿನಸಿ ಹಂಚುವ ಕೇಂದ್ರ, ಇಂಥ ಕಡೆ ಅವಳ ಮುಖ ಪರಿಚಯ ಇದೆಯಾ? ಅಮೆರಿಕದಲ್ಲಿ ಬೆಂಕಿ ಆರಿಸುವವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಸ್ವಯಂಸೇವಕರು. ಅಂಥ ಊರಲ್ಲಿ ಕೆಲಸ ಮಾಡದೆ ಓಟು ಕೇಳಿದರೆ ಜನ ನಯವಾಗಿ ನಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ.

ನ್ಯೂಜೆರ್ಸಿಯ ಕನ್ನಡ ಕೂಟದ ಹೆಸರು ಬೃಂದಾವನ, ನಮ್ಮ ಕೆಆರ್‌ಎಸ್ ಪಕ್ಕದ ಹೆಸರೇ. ಅಮೆರಿಕದ ಕೂಟಗಳನ್ನೆಲ್ಲ ಸೇರಿಸಿದ ಅಕ್ಕ ಒಕ್ಕೂಟ 1998ರದು. ಕೂಟದಲ್ಲಿ ಯುಗಾದಿ, ರಾಜ್ಯೋತ್ಸವ ಮಾಡಿ ಕಲಿಯುವ ಸಂಘಟನೆ ಸುಮ್ನೆ ಅಲ್ಲ. ಸಭಾಂಗಣ ಹಿಡಿಯೋದು, ಚಂದಾ ಎತ್ತೋದು, ಮುನಿಸಿಕೊಂಡವರನ್ನು ಒಪ್ಪಿಸೋದು ಎಲ್ಲಾ ಅಲ್ಲೇ ಕಲಿತವರಿದ್ದಾರೆ. ಆದರೆ ಎಷ್ಟೋ ಜನ ಅಲ್ಲಿಗೇ ನಿಲ್ಲುತ್ತಾರೆ. ಕೂಟದ ಅಧ್ಯಕ್ಷರಾದವರಿಗೆ ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ. ಅಂಥವರು ಚುನಾವಣೆಗೆ ನಿಂತು ದೀಪಾವಳಿಗೆ ಶಾಲೆ ರಜೆ ಕೊಡಿಸುತ್ತೇನೆ ಅನ್ನುವುದೊಂದನ್ನೇ ಹಿಡಿದುಕೊಂಡರೆ ನನಗೆ ಬೇಸರವಾಗುತ್ತದೆ. ರಜೆ ಬೇಡ ಅಂತಲ್ಲ. 2023ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಿಗೆ ಆ ಕಾನೂನೇ ಆಯಿತು. ಆದರೆ ಶಾಲಾ ಬಸ್ ತಡವಾಗಿ ಬರುವುದರ ಬಗ್ಗೆ ಮಾತಾಡುವ ಅಭ್ಯರ್ಥಿಗೆ ಎಲ್ಲರ ಓಟೂ ಬೀಳುತ್ತದೆ.

ನಿಮ್ಮ ಜಿಲ್ಲೆಯವರೇ ಒಬ್ಬರ ಉದಾಹರಣೆ ಕೊಡುತ್ತೇನೆ. ಡಾ. ವಿವೇಕ್ ಮೂರ್ತಿ ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಮಯಾಮಿಯಲ್ಲಿ. ಅವರು ಚುನಾವಣೆಗೆ ನಿಂತವರಲ್ಲ. 1995ರಲ್ಲಿ, ಇನ್ನೂ ಕಾಲೇಜಿನಲ್ಲಿದ್ದಾಗಲೇ, ಅಕ್ಕನ ಜೊತೆ ಸೇರಿ ಏಡ್ಸ್ ಜಾಗೃತಿಗೆ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರ ಮಾತಾಡುವ ಮುಖ್ಯ ವೈದ್ಯರ ಹುದ್ದೆಗೆ ಅವರ ಹೆಸರು ಬಂದಾಗ, ಬಂದೂಕು ಹಿಂಸೆಯೂ ಆರೋಗ್ಯದ ಪ್ರಶ್ನೆಯೇ ಅಂತ ಮುಂಚೆ ಟ್ವೀಟ್ ಮಾಡಿದ್ದಕ್ಕೆ ಬಂದೂಕು ಪರ ಸಂಘಟನೆ ಅಡ್ಡ ಬಂತು. ತಿಂಗಳುಗಟ್ಟಲೆ ತಡವಾಗಿ, 2014ರ ಡಿಸೆಂಬರ್‌ನಲ್ಲಿ ಸೆನೆಟ್ 51-43 ಮತಗಳಲ್ಲಿ ಒಪ್ಪಿತು. 2021ರಲ್ಲಿ ಮತ್ತೆ ಅದೇ ಹುದ್ದೆಗೆ ಬಂದರು. ಹಾಗೆಯೇ ಸಿರಾ ತಾಲ್ಲೂಕಿನ ಚಂದ್ರ ಆರ್ಯ ಕೆನಡಾದ ಸಂಸದರಾಗಿ 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ಆ ವಿಡಿಯೊ ನಮ್ಮ ವಾಟ್ಸಾಪ್‌ಗಳಲ್ಲಿ ಎಷ್ಟು ಓಡಿತು! ಅದೇ ಆರ್ಯ ಅವರಿಗೆ 2025ರಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ ಅನ್ನುವುದು ಅಷ್ಟು ಓಡಲಿಲ್ಲ.

ಇಲ್ಲಿಂದ ನೀವು ಮಾಡಬಾರದ ಇನ್ನೊಂದು ಕೆಲಸ ಇದೆ. ಊರಲ್ಲಿ ಫ್ಲೆಕ್ಸ್ ಹಾಕಿಸಬೇಡಿ. ಶಾಸಕರ ಫೋಟೋ, ಜಾತಿ ಸಂಘದ ಅಧ್ಯಕ್ಷರ ಫೋಟೋ, ನಡುವೆ ಮಗಳ ಫೋಟೋ ಹಾಕಿದ ಫ್ಲೆಕ್ಸ್ ಸಂಜೆಗೆ ಫೇಸ್‌ಬುಕ್‌ಗೆ ಹೋಗುತ್ತದೆ, ಮಾರನೆ ದಿನ ಎದುರಾಳಿಯ ಕೈಗೆ ಸಿಗುತ್ತದೆ. ಇವಳ ನಿಷ್ಠೆ ಯಾವ ದೇಶಕ್ಕೆ ಅಂತ ಕೇಳಲು ಅಷ್ಟು ಸಾಕು. ಜಾತಿಯ ಗುಂಪುಗಳಲ್ಲಂತೂ ಓಟು ಕೇಳಿಸಬೇಡಿ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಮಸೂದೆ ತಂದದ್ದು ಪುಣೆ ಮೂಲದ ಕೌನ್ಸಿಲರ್ ಕ್ಷಮಾ ಸಾವಂತ್. ಪರವಾಗಿ ನಿಂತವರಲ್ಲೂ ವಿರುದ್ಧ ನಿಂತವರಲ್ಲೂ ನಮ್ಮವರೇ ಇದ್ದರು. ನಾವು ಜಾತಿಯನ್ನು ಸೂಟ್‌ಕೇಸಿನಲ್ಲಿ ತಂದಿದ್ದೇವೆ ಅನ್ನುವುದು ಅಲ್ಲಿನವರಿಗೆ ಈಗ ಗೊತ್ತಿದೆ. ಅವಳು ಗೆದ್ದರೂ ಮದ್ದೂರಿಗೆ ಏನೂ ಬರುವುದಿಲ್ಲ, ಬರಲೂಬಾರದು. ಅವಳು ಕೆಲಸ ಮಾಡಬೇಕಾದದ್ದು ಅಲ್ಲಿನ ಮಕ್ಕಳಿಗೆ.

ಈಗ ಪೌರತ್ವ ಮತ್ತು ಜಮೀನು. ಬೇರೆ ದೇಶದ ಪೌರತ್ವವನ್ನು ಸ್ವಂತ ಇಚ್ಛೆಯಿಂದ ತೆಗೆದುಕೊಂಡ ಕ್ಷಣ ಭಾರತದ ಪೌರತ್ವ ಹೋಗುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಹೇಳುವುದು ಇದನ್ನೇ. ಚುನಾವಣೆಗೆ ನಿಂತದ್ದರಿಂದ ಹೊಸದಾಗಿ ಹೋಗುವುದು ಏನೂ ಇಲ್ಲ. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಪ್ರಮಾಣಪತ್ರ ತೆಗೆದುಕೊಂಡಿದ್ದಾಳಾ, ಓಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವುದು) ಮಾಡಿಸಿದ್ದಾಳಾ ಕೇಳಿ. ಓಸಿಐ ಇದ್ದರೆ ವೀಸಾ ಇಲ್ಲದೆ ಬಂದು ಹೋಗಬಹುದು, ಆದರೆ ಇಲ್ಲಿ ಓಟು ಇಲ್ಲ. ನಿಮ್ಮ ಊರಿನ ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಇದ್ದರೆ ಫಾರಂ 7 ಕೊಟ್ಟು ತೆಗೆಸಿಬಿಡಿ.

ಕೃಷಿ ಜಮೀನನ್ನು ಅವಳು ಇಲ್ಲಿ ಕೊಳ್ಳುವ ಹಾಗಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿಕರಲ್ಲದವರನ್ನು ತಡೆಯುತ್ತಿದ್ದ 79ಎ, 79ಬಿ ಕಲಂ ತೆಗೆದರಲ್ಲ, ಈಗ ಯಾರು ಬೇಕಾದರೂ ಕೊಳ್ಳಬಹುದು ಅಂತ ಮಂಡ್ಯದ ಬ್ರೋಕರ್‌ಗಳು ಹೇಳುತ್ತಾರೆ. ವಿದೇಶದಲ್ಲಿರುವವರಿಗೆ ಅಡ್ಡ ಬರುವುದು ಅದಲ್ಲ, ಕೇಂದ್ರದ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾನೂನು. ಅದು ಹಾಗೇ ಇದೆ. ನೀವು ಬದುಕಿರುವಾಗ ದಾನಪತ್ರ ಮಾಡಿ ಕೃಷಿ ಜಮೀನು ಕೊಡಲೂ ಆಗುವುದಿಲ್ಲ. ಆದರೆ ವಾರಸುದಾರಿಕೆಯಿಂದ ಅವಳಿಗೆ ಬರಬಹುದು. ಹಾಗಾಗಿ ದಾನಪತ್ರದ ಯೋಚನೆ ಬಿಟ್ಟು, ಒಳ್ಳೆಯ ವಕೀಲರ ಹತ್ತಿರ ವಿಲ್ ಬರೆಸಿಡಿ. ಮುಂದೆ ಪೌತಿ ಖಾತೆ ಮಾಡಿಸಿಕೊಂಡು ಪಹಣಿಯಲ್ಲಿ ಹೆಸರು ಹಾಕಿಸಿಕೊಳ್ಳಬಹುದು. ಮಾರುವುದಾದರೆ ಇಲ್ಲೇ ವಾಸವಿರುವ ಭಾರತದ ಪ್ರಜೆಗೆ ಮಾತ್ರ ಮಾರಬೇಕು.

ನಿಮ್ಮ ಹಾಗೆ ಮಕ್ಕಳನ್ನು ಹೊರಗೆ ಕಳಿಸಿದ ಬೇರೆ ಓದುಗರಿಗೂ ಎರಡು ಮಾತು. ಮಗ ಅಥವಾ ಮಗಳು ಅಮೆರಿಕದಲ್ಲಿ ಎಚ್-1ಬಿ ಅಥವಾ ಗ್ರೀನ್ ಕಾರ್ಡಿನಲ್ಲಿದ್ದರೆ ತಪ್ಪಿಯೂ ಮತದಾರರ ಪಟ್ಟಿಗೆ ಹೆಸರು ಕೊಡಬಾರದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವ ಕಚೇರಿಯಲ್ಲೇ ಆ ಪ್ರಶ್ನೆ ಕೇಳುತ್ತಾರೆ, ಗಮನವಿಲ್ಲದೆ ಹೂಂ ಅಂದರೆ ಗಡಿಪಾರಿನ ತನಕ ಹೋಗಬಹುದು. ಇಂಗ್ಲೆಂಡಿನಲ್ಲಿ ಇದು ಉಲ್ಟಾ. ಅಲ್ಲಿ ಕಾನೂನುಬದ್ಧವಾಗಿ ವಾಸವಿರುವ ಭಾರತದ ಪ್ರಜೆ, ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಓಟು ಹಾಕಬಹುದು. ಕಾಯಂ ವಾಸದ ಅನುಮತಿ ಇದ್ದರೆ ಕೌನ್ಸಿಲರ್ ಸ್ಥಾನಕ್ಕೆ ನಿಲ್ಲಲೂಬಹುದು. ಎಷ್ಟೋ ಜನ ನಮ್ಮ ಹುಡುಗರು ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಓಟು ಹಾಕದೆ ಇರುತ್ತಾರೆ.

ಕೊನೆಯದಾಗಿ ಶಾಲೆ. ಕಾಲೇಜು ಕಟ್ಟಿದ ಕೆ.ವಿ. ಶಂಕರಗೌಡರನ್ನು ನಿತ್ಯ ಸಚಿವ ಅಂತ ಕರೆದ ಜಿಲ್ಲೆ ನಿಮ್ಮದು, ಅಂಥವರನ್ನು ನೆನೆಯುವ ಜನ. ಮಗಳ ಆಸೆ ಒಳ್ಳೆಯದೇ, ಆದರೆ ದಾರಿ ಸರಿಯಾಗಿರಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಟ್ರಸ್ಟ್ ಒಂದಕ್ಕೆ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಓಸಿಐ ಕಾರ್ಡಿನವರು ಕೊಟ್ಟರೆ, ರೂಪಾಯಿಯಲ್ಲೇ ಕೊಟ್ಟರೂ, ವಿದೇಶಿ ದೇಣಿಗೆ. ತೆಗೆದುಕೊಳ್ಳುವ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಇರಬೇಕು. ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಮನೆ ಖರ್ಚಿಗೆ ಅವಳು ನಿಮಗೆ ಕಳಿಸುವುದು ಬೇರೆ, ಅದಕ್ಕೆ ಅಡ್ಡಿ ಇಲ್ಲ. ಆದರೆ ಅವಳು ನಿಮ್ಮ ಖಾತೆಗೆ ಹಾಕಿ, ನೀವು ಅಲ್ಲಿಂದ ಟ್ರಸ್ಟಿಗೆ ದಾಟಿಸಿದರೂ ಕಾನೂನಿನ ಲೆಕ್ಕದಲ್ಲಿ ಅದು ವಿದೇಶದ ದುಡ್ಡೇ. ಆದ್ದರಿಂದ ಶಾಲೆಯವರಿಗೆ ಮಾತು ಕೊಡುವ ಮುಂಚೆ ಎಫ್‌ಸಿಆರ್‌ಎ ಇರುವ ಟ್ರಸ್ಟ್ ಯಾವುದು ಅಂತ ವಿಚಾರಿಸಿ, ನೋಂದಣಿಯ ಅವಧಿ ಮುಗಿದಿಲ್ಲ ಅನ್ನುವುದನ್ನು ಪತ್ರ ನೋಡಿಯೇ ಖಾತ್ರಿ ಮಾಡಿಕೊಳ್ಳಿ.